ಮಿರುಗುವ ಹಳೆ ಜೀಪ್ ಅಸಲಿಯೇ? ಅಡ್ವಾನ್ಸ್ ಕೊಡುವ ಮುನ್ನ ಇಷ್ಟು ನೋಡಿ

‘1944ರ ಅಸಲಿ ವಿಲ್ಲಿಸ್ ಜೀಪ್, ಪೂರ್ತಿ ರಿಸ್ಟೋರ್ ಆಗಿದೆ, ಪೇಪರ್ ಕ್ಲಿಯರ್, ಮೊದಲು ಅಡ್ವಾನ್ಸ್ ಕೊಟ್ಟವರಿಗೆ ಗಾಡಿ.’ ಹಸಿರು ಬಣ್ಣದಲ್ಲಿ ಮಿರುಗುವ ಫೋಟೊ ಸಮೇತ ಇಂಥ ಸಂದೇಶ ನಿಮ್ಮ ವಾಟ್ಸಾಪ್ ಗ್ರೂಪಿಗೂ ಬಂದಿರಬಹುದು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಎಲ್ಲೇ ಇರಿ, ಅದನ್ನು ನಂಬಿ ದುಡ್ಡು ಕಳಿಸುವ ಮೊದಲು ಒಂದು ಮಾತು ನೆನಪಿಡಿ: ಬಣ್ಣ ಗಾಡಿಯ ವಯಸ್ಸು ಹೇಳುವುದಿಲ್ಲ. ಅದನ್ನು ಹೇಳುವುದು ಲೋಹದ ಮೇಲಿನ ನಂಬರ್ ಮತ್ತು ಆರ್‌ಸಿಯಲ್ಲಿರುವ ನಂಬರ್. ಎರಡೂ ತಾಳೆಯಾಗಬೇಕು.

ನೋಡಲು ಹಳೆಯದು ಎಂದರೆ ಹಳೆಯದೇ?

ಅಲ್ಲ. ಅಂಬಾಸಿಡರ್ ಕಾರು 1950ರ ದಶಕದ ಕೊನೆಯಿಂದ 2014ರವರೆಗೆ ಹೆಚ್ಚೂಕಡಿಮೆ ಅದೇ ಆಕಾರದಲ್ಲಿ ಬಂತು. ಹಾಗಾಗಿ 1990ರ ಕಾರಿಗೆ ಹಳೆ ಶೈಲಿಯ ಗ್ರಿಲ್ ಹಾಕಿ ‘1960ರದ್ದು’ ಎನ್ನುವುದು ಕಷ್ಟವಲ್ಲ.

ಜೀಪಿನ ಕಥೆಯೂ ಇದೇ. ಎರಡನೇ ಮಹಾಯುದ್ಧ ಕಾಲದ ವಿಲ್ಲಿಸ್ ಎಂಬಿ ಜೀಪಿನ ಒತ್ತು ತಗಡಿನ ಗ್ರಿಲ್‌ನಲ್ಲಿ 9 ಉದ್ದ ಸೀಳುಗಳಿದ್ದವು. ಯುದ್ಧದ ನಂತರ ನಾಗರಿಕರಿಗಾಗಿ ಬಂದ ಸಿಜೆ ಸರಣಿಯಲ್ಲಿ ಇರುವುದು 7. 1953ರಲ್ಲಿ ಅಮೆರಿಕದಲ್ಲಿ ಹೊರಬಂದ, ಬಾನೆಟ್ ಎತ್ತರವಿರುವ ಸಿಜೆ-3ಬಿ ಮಾದರಿಯನ್ನು ಮಹೀಂದ್ರಾ ನಮ್ಮ ದೇಶದಲ್ಲೇ ದಶಕಗಳ ಕಾಲ ತಯಾರಿಸಿತು. ಅದು ಒಳ್ಳೆಯ ಗಾಡಿಯೇ, ಆದರೆ ಯುದ್ಧದ ಜೀಪ್ ಅಲ್ಲ. ಫೋಟೊದಲ್ಲೇ ಸೀಳು ಎಣಿಸಿ. 7 ಇದ್ದರೆ ‘1944’ ಎಂಬ ಮಾತು ಅಲ್ಲಿಗೇ ಅನುಮಾನ. 9 ಇದ್ದರೂ ಖಾತ್ರಿಯಲ್ಲ, ಗ್ರಿಲ್ ಬದಲಿಸಬಹುದು.

ಚಾಸಿ ನಂಬರ್ ನೋಡುವುದು ಹೇಗೆ?

ಬಾಗಿಲು, ಬಾನೆಟ್, ಎಂಜಿನ್ ಎಲ್ಲವೂ ಬದಲಾಗಬಹುದು. ಗಾಡಿಯ ನಿಜವಾದ ಗುರುತು ಚಾಸಿ ನಂಬರ್. ಬಟ್ಟೆಯಿಂದ ಒರೆಸಿ, ಟಾರ್ಚ್ ಹಿಡಿದು ನೋಡಿ. ಅಂಕಿಗಳ ಸುತ್ತ ಗ್ರೈಂಡರ್ ಗೀರು, ವೆಲ್ಡಿಂಗ್ ಗಂಟು, ಅಲ್ಲೊಂದೇ ಕಡೆ ದಪ್ಪ ಪೇಂಟ್ ಕಂಡರೆ ಎಚ್ಚರ. ನಂಬರ್ ತಗಡಿನ ಪಟ್ಟಿಯ ಮೇಲಿದ್ದರೆ ರಿವೆಟ್ ಹೊಸದೇ ಎಂದೂ ನೋಡಿ. ನಂತರ ಅಂಕಿಗಳ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದುಕೊಳ್ಳಿ. ಅದನ್ನು ಆರ್‌ಸಿಯ ಪಕ್ಕದಲ್ಲಿಟ್ಟು ಒಂದೊಂದೇ ಅಂಕಿ ಹೋಲಿಸಿ.

ಉಜ್ಜಿ ಅಳಿಸಿದ ನಂಬರ್ ಪೂರ್ತಿ ಮಾಯವಾಗುತ್ತದೆಯೇ? ಇಲ್ಲ. ಪಂಚ್ ಹೊಡೆದಾಗ ಅಂಕಿಯ ತಳದ ಲೋಹವೂ ಒತ್ತಡಕ್ಕೆ ಸಿಕ್ಕು ಬದಲಾಗಿರುತ್ತದೆ. ಮೇಲ್ಭಾಗ ಉಜ್ಜಿದರೂ ಆ ಪದರ ಉಳಿದಿದ್ದರೆ, ಆಮ್ಲ ಹಚ್ಚಿದಾಗ ಅದು ಸುತ್ತಲಿನ ಲೋಹಕ್ಕಿಂತ ಬೇರೆ ರೀತಿ ಕರಗಿ ಹಳೆ ಅಂಕಿ ಮಸುಕಾಗಿ ಕಾಣುತ್ತದೆ. ವಿಧಿವಿಜ್ಞಾನ ಪ್ರಯೋಗಾಲಯಗಳು ಬಳಸುವ ವಿಧಾನ ಇದು. ಮನೆಯಲ್ಲಿ ಮಾಡುವ ಕೆಲಸವಲ್ಲ.

ಅಯಸ್ಕಾಂತ ಅಂಟದಿದ್ದರೆ ನಕಲಿಯೇ?

ಅರ್ಧ ನಿಜ. ಬಟ್ಟೆ ಸುತ್ತಿದ ಸಣ್ಣ ಅಯಸ್ಕಾಂತ ಉಕ್ಕಿನ ಬಾಡಿಗೆ ಹಿಡಿಯುತ್ತದೆ. ಎಲ್ಲಿ ಸಡಿಲವಾಗಿ ಜಾರುತ್ತದೋ ಅಲ್ಲಿ ಪೇಂಟ್ ಕೆಳಗೆ ದಪ್ಪ ಪುಟ್ಟಿ ಇರಬಹುದು, ಅದರಡಿ ತುಕ್ಕೂ ಇರಬಹುದು. ಆದರೆ ಹಳೆ ಲ್ಯಾಂಡ್ ರೋವರ್‌ನಂಥ ಗಾಡಿಗಳ ಬಾಡಿಯೇ ಅಲ್ಯೂಮಿನಿಯಂ ಮಿಶ್ರಲೋಹದ್ದು. ಅಲ್ಲಿ ಅಂಟದಿರುವುದೇ ಸರಿ.

ಕೆಎ-07 ಇದ್ದರೆ ಸಾಕೇ?

ಸಾಲದು. ಕೆಎ ಸರಣಿ ಶುರುವಾದದ್ದು 1989ರಲ್ಲಿ. ಅದಕ್ಕೂ ಹಳೆಯ ಗಾಡಿಗೆ ಕೋಲಾರದ ಕೆಎ-07 ನಂಬರ್ ಇದ್ದರೆ ನಡುವೆ ಎಲ್ಲೋ ಮರುನೋಂದಣಿ ಆಗಿದೆ ಎಂದರ್ಥ. ಅದು ತಪ್ಪಲ್ಲ, ಆದರೆ ಹಿಂದಿನ ನಂಬರ್ ಯಾವುದು ಎಂದು ಕೇಳಿ. ಸೇನೆಯ ಹರಾಜಿನಲ್ಲಿ ಬಂದ ಜೀಪ್‌ಗಳಲ್ಲಿ ತಯಾರಾದ ವರ್ಷ, ನೋಂದಣಿ ವರ್ಷ ಬೇರೆಬೇರೆ ಇರಬಹುದು.

ನಮ್ಮದು ಗಡಿ ಜಿಲ್ಲೆ. ಮುಳಬಾಗಿಲು, ಶ್ರೀನಿವಾಸಪುರದ ಆಚೆ ಆಂಧ್ರ, ಮಾಲೂರಿನ ಆಚೆ ತಮಿಳುನಾಡು. ಹೊರರಾಜ್ಯದ ಗಾಡಿಯಾದರೆ ಅಲ್ಲಿನ ಆರ್‌ಟಿಒ ಕೊಟ್ಟ ಎನ್‌ಒಸಿ ಬೇಕು, ಇಲ್ಲಿನ ತೆರಿಗೆ ಲೆಕ್ಕವನ್ನೂ ಮೊದಲೇ ಕೇಳಿ. ಎಂಪರಿವಾಹನ್ ಆ್ಯಪ್‌ನಲ್ಲಿ ಹಳೆ ದಾಖಲೆ ಸಿಗದಿದ್ದರೆ ಗಾಡಿ ನಕಲಿ ಎಂದಲ್ಲ, ಆರ್‌ಟಿಒ ಕಚೇರಿಗೇ ಹೋಗಿ ವಿಚಾರಿಸಬೇಕು.

‘ವಿಂಟೇಜ್’ ಎಂದು ಬರೆದರೆ ವಿಂಟೇಜೇ?

2021ರ ಕೇಂದ್ರ ನಿಯಮದ ಪ್ರಕಾರ ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು. ಚಾಸಿ, ಬಾಡಿ, ಎಂಜಿನ್‌ನಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದು. ಹೊಸ ವಿಂಟೇಜ್ ನೋಂದಣಿಗೆ 20,000 ರೂಪಾಯಿ ಶುಲ್ಕ, ಅವಧಿ 10 ವರ್ಷ. ಅಂಥ ಗಾಡಿಯನ್ನು ದಿನನಿತ್ಯದ ಓಡಾಟಕ್ಕೆ, ಬಾಡಿಗೆಗೆ ಬಳಸುವಂತಿಲ್ಲ. ಪೆಟ್ರೋಲ್ ಎಂಜಿನ್ ತೆಗೆದು ಡೀಸೆಲ್ ಕೂರಿಸಿದ ಜೀಪ್ ಈ ಸಾಲಿಗೆ ಸೇರುವುದು ಕಷ್ಟ. ಆದರೆ ಬದಲಾವಣೆ ಆರ್‌ಸಿಯಲ್ಲಿ ದಾಖಲಾಗಿದ್ದು, ಮಾರುವವರು ಮುಚ್ಚಿಡದೆ ಹೇಳಿದರೆ ಅದು ಮೋಸವಲ್ಲ. ಅದಕ್ಕೆ ತಕ್ಕ ಬೆಲೆ ಕೊಡಬಹುದು.

ಕೊನೆಗೆ ಇಷ್ಟು ಮಾಡಿ

ರಿಸ್ಟೋರ್ ಮಾಡುವ ಮುಂಚಿನ ಫೋಟೊ, ಬಿಡಿಭಾಗಗಳ ಬಿಲ್ ಕೇಳಿ. ಶ್ರದ್ಧೆಯಿಂದ ಕೆಲಸ ಮಾಡಿಸಿದವರು ಸಾಮಾನ್ಯವಾಗಿ ಅವನ್ನು ಹೆಮ್ಮೆಯಿಂದ ತೋರಿಸುತ್ತಾರೆ. ಗೊತ್ತಿರುವ ಮೆಕ್ಯಾನಿಕ್ ಜೊತೆ ಹಗಲು ಹೊತ್ತಿನಲ್ಲಿ ಹೋಗಿ. ಗಾಡಿ ನೋಡದೆ ಯುಪಿಐನಲ್ಲಿ ಒಂದು ರೂಪಾಯಿಯನ್ನೂ ಕಳಿಸಬೇಡಿ. ಕದ್ದ ಗಾಡಿಯಾದರೆ ಪೊಲೀಸರು ಜಪ್ತಿ ಮಾಡುತ್ತಾರೆ, ಕೊಟ್ಟ ದುಡ್ಡಿಗೆ ನೀವು ಮಾರಿದವರ ಹಿಂದೆ ಅಲೆಯಬೇಕಾಗುತ್ತದೆ. ಆ ಜಾಹೀರಾತನ್ನು ಮುಂದಕ್ಕೆ ಕಳಿಸುವ ಮೊದಲೂ ಯೋಚಿಸಿ: ನಿಮ್ಮ ಮೇಲಿನ ನಂಬಿಕೆಯಿಂದಲೇ ಇನ್ನೊಬ್ಬರು ಅಡ್ವಾನ್ಸ್ ಕೊಟ್ಟುಬಿಡಬಹುದು.