ಹಿಟ್ಟಿನ ಕೋಳಿಯೂ ಸಾಬರಮತಿಯ ಕರುವೂ

1918ರ ಜೂನ್–ಜುಲೈ. ಲಂಡನ್ನಿನ ಬ್ರಿಕ್ಸ್ಟನ್ ಜೈಲಿನಲ್ಲಿ ಬರ್ಟ್ರಂಡ್ ರಸೆಲ್ ಸಜೆ ಅನುಭವಿಸುತ್ತಿದ್ದರು. ಯುದ್ಧವಿರೋಧಿ ಪತ್ರಿಕೆಗೆ ಬರೆದ ಒಂದು ಲೇಖನಕ್ಕಾಗಿ ಅವರಿಗೆ ಆರು ತಿಂಗಳ ಶಿಕ್ಷೆಯಾಗಿತ್ತು. ಅದೇ ದಿನಗಳಲ್ಲಿ ಗುಜರಾತಿನ ಖೇಡಾ ಜಿಲ್ಲೆಯಲ್ಲಿ ಗಾಂಧೀಜಿ ಊರೂರು ಅಲೆಯುತ್ತಿದ್ದರು. ಅದೇ ಯುದ್ಧಕ್ಕೆ, ಬ್ರಿಟಿಷರ ಸೇನೆಗೆ ಸೇರಿರೆಂದು ರೈತರನ್ನು ಕೇಳಿಕೊಳ್ಳುತ್ತಿದ್ದರು. ಕೆಲವೇ ತಿಂಗಳ ಹಿಂದೆ ಕಂದಾಯ ಸತ್ಯಾಗ್ರಹ ನಡೆದಾಗ ಆ ಊರುಗಳವರು ಬಾಡಿಗೆ ಕೇಳದೆ ಗಾಡಿ ಕಟ್ಟಿಕೊಟ್ಟಿದ್ದರು. ಈಗ ದುಡ್ಡು ಕೊಡುತ್ತೇವೆಂದರೂ ಗಾಡಿ ಸಿಗಲಿಲ್ಲ. ಅಹಿಂಸೆಯವರಾದ ನೀವು ನಮ್ಮ ಕೈಗೆ ಕೋವಿ ಕೊಡುವುದು ಹೇಗೆ ಎಂದು ರೈತರು ಕೇಳಿದರು. ಈ ಪ್ರಶ್ನೆಯನ್ನು ಗಾಂಧೀಜಿಯೇ ತಮ್ಮ ಆತ್ಮಕಥೆಯಲ್ಲಿ ದಾಖಲಿಸಿದ್ದಾರೆ, ಮುಚ್ಚಿಟ್ಟಿಲ್ಲ.

ನೂರು ವರ್ಷ ದಾಟಿದ ಮೇಲೂ ಖೇಡಾದ ರೈತರ ಪ್ರಶ್ನೆ ಹಳತಾಗಿಲ್ಲ, ವೇಷ ಬದಲಿಸಿದೆ ಅಷ್ಟೆ. ಗಡಿಯಲ್ಲಿ ಬಂದೂಕು ಇರುವುದರಿಂದಲೇ ಅಲ್ಲವೇ ಊರೊಳಗೆ ಶಾಂತಿಮಂತ್ರ ಎಂದು ಕೇಳುತ್ತಾರೆ. ಸಹನೆಯನ್ನೇ ನಾಶ ಮಾಡಹೊರಟವರನ್ನೂ ಸಹಿಸಿಕೊಳ್ಳಬೇಕೇ ಎಂದು ಕೇಳುತ್ತಾರೆ. ಈ ಎರಡನೆಯದನ್ನು ಕಾರ್ಲ್ ಪಾಪರ್ 1945ರಲ್ಲೇ ತರ್ಕದ ಭಾಷೆಯಲ್ಲಿ ಬರೆದಿಟ್ಟಿದ್ದರು. ಗಾಂಧೀಜಿ ಅಧ್ಯಕ್ಷತೆ ವಹಿಸಿದ ಏಕೈಕ ಕಾಂಗ್ರೆಸ್ ಅಧಿವೇಶನ ಬೆಳಗಾವಿಯದು. ಅದಕ್ಕೆ 2024ರ ಡಿಸೆಂಬರಿಗೆ ನೂರು ತುಂಬಿತು. ಹಾರ, ಭಾಷಣ, ದೀಪಾಲಂಕಾರ ಎಲ್ಲ ಆದವು. ಆ ಗದ್ದಲದಲ್ಲಿ ಬಾಕಿ ಉಳಿದ ಲೆಕ್ಕವನ್ನು ಇಲ್ಲಿ ನೋಡುವುದು ನಮ್ಮ ಉದ್ದೇಶ.

ವಿರೋಧಾಭಾಸ ಕಂಡ ಕೂಡಲೇ ಸಿದ್ಧಾಂತ ಸತ್ತಿತು ಎನ್ನುವವರು ರಸೆಲ್ಲರ ಇನ್ನೊಂದು ಕಥೆಯನ್ನು ಗಮನಿಸಬೇಕು. 1902ರ ಜೂನ್ 16ರಂದು ಅವರು ಜರ್ಮನಿಯ ಗಾಟ್ಲಾಬ್ ಫ್ರೇಗೆಗೆ ಒಂದು ಕಾಗದ ಬರೆದರು. ಇಡೀ ಅಂಕಗಣಿತವನ್ನು ತರ್ಕದ ಅಡಿಪಾಯದ ಮೇಲೆ ನಿಲ್ಲಿಸಲು ಫ್ರೇಗೆ ವರ್ಷಗಟ್ಟಲೆ ದುಡಿದಿದ್ದರು. ಗ್ರಂಥದ ಎರಡನೆಯ ಸಂಪುಟ ಅಚ್ಚಿನಲ್ಲಿತ್ತು. ತನ್ನೊಳಗೆ ತಾನೇ ಸೇರದ ಗಣಗಳನ್ನೆಲ್ಲ ಒಂದು ಗಣ ಮಾಡಿದರೆ, ಆ ದೊಡ್ಡ ಗಣ ತನ್ನೊಳಗೆ ಸೇರುತ್ತದೆಯೇ ಇಲ್ಲವೇ ಎಂದು ರಸೆಲ್ ಕೇಳಿದರು. ಸೇರುತ್ತದೆ ಎಂದರೆ ಸೇರಬಾರದು, ಸೇರುವುದಿಲ್ಲ ಎಂದರೆ ಸೇರಲೇಬೇಕು. ತಮಗೆ ತಾವೇ ಕ್ಷೌರ ಮಾಡಿಕೊಳ್ಳದವರಿಗೆಲ್ಲ, ಅವರಿಗೆ ಮಾತ್ರ, ಕ್ಷೌರ ಮಾಡುವ ಊರ ಕ್ಷೌರಿಕನ ಗಡ್ಡ ತೆಗೆಯುವವರು ಯಾರು ಎಂದು ಇದನ್ನೇ ಸರಳವಾಗಿ ಹೇಳುವುದುಂಟು. ಅಡಿಪಾಯ ಬಿರುಕು ಬಿಟ್ಟಿದೆಯೆಂದು ಫ್ರೇಗೆ ಒಪ್ಪಿಕೊಂಡು ಪುಸ್ತಕಕ್ಕೆ ಅನುಬಂಧ ಸೇರಿಸಿದರು. ಹಾಗೆಂದು ಯಾರೂ ಕೂಡುವುದು ಕಳೆಯುವುದನ್ನು ನಿಲ್ಲಿಸಲಿಲ್ಲ. ರಸೆಲ್ ಸೂಚಿಸಿದ ಪರಿಹಾರ ಮೆಟ್ಟಿಲುಗಳದ್ದು: ಒಂದು ಹಂತದ ನಿಯಮ ಅದೇ ಹಂತದ ತನ್ನನ್ನು ಕುರಿತು ಮಾತಾಡಕೂಡದು, ಒಂದು ಮೆಟ್ಟಿಲು ಮೇಲೆ ನಿಂತು ಕೆಳಗಿನದನ್ನು ನೋಡಬೇಕು. ತೊಡಕಿನ ಪರಿಹಾರವೇ ಸರಿ, ಆದರೆ ಗಣಿತ ಮುಂದೆ ನಡೆಯಿತು.

ಅಹಿಂಸೆಯ ವಿಷಯದಲ್ಲೂ ಗಂಟು ಬೀಳುವುದು ಇಲ್ಲೇ. ಎಲ್ಲರಿಗೂ, ಎಲ್ಲ ಹೊತ್ತಿಗೂ ಒಂದೇ ಅಳತೆಯಲ್ಲಿ ಅನ್ವಯಿಸುವ ಒಂದು ಸಾಲಿನ ಸೂತ್ರವನ್ನಾಗಿ ಅದನ್ನು ಬರೆದರೆ ಖೇಡಾದ ರೈತರಿಗೆ ಉತ್ತರ ಹೇಳಲಾಗದು. ಗಾಂಧೀಜಿ ಹಾಗೆ ಬರೆಯಲಿಲ್ಲ. 1920ರ ಆಗಸ್ಟಿನಲ್ಲಿ ‘ಯಂಗ್ ಇಂಡಿಯಾ’ದಲ್ಲಿ ಅವರೂ ಮೆಟ್ಟಿಲು ಕಟ್ಟಿದರು: ಹೇಡಿತನ ಎಲ್ಲಕ್ಕಿಂತ ಕೆಳಗೆ, ಅದರ ಮೇಲೆ ಹಿಂಸೆ, ಹಿಂಸೆಗಿಂತ ಎಷ್ಟೋ ಮೇಲೆ ಅಹಿಂಸೆ. ಹೇಡಿತನ, ಹಿಂಸೆ ಎರಡೇ ದಾರಿ ಉಳಿದರೆ ಹಿಂಸೆಯನ್ನೇ ಸಲಹೆ ಮಾಡುತ್ತೇನೆ ಎಂದೂ ಹೇಳಿದರು. ಖೇಡಾದ ಸೈನ್ಯಭರ್ತಿಗೆ ಇದು ಪೂರ್ತಿ ಸಮರ್ಥನೆಯಾಗುತ್ತದೆಂದು ನಮಗೆ ಅನಿಸುವುದಿಲ್ಲ. ಪರರ ಸಾಮ್ರಾಜ್ಯಕ್ಕಾಗಿ ಮೆಸೊಪೊಟೇಮಿಯಾದಲ್ಲೋ ಫ್ರಾನ್ಸಿನಲ್ಲೋ ಸಾಯುವುದರಿಂದ ಗುಜರಾತಿನ ರೈತನ ಹೇಡಿತನ ಕಳೆಯುತ್ತದೆ ಎಂಬ ವಾದ ಆಗಲೂ ದುರ್ಬಲವಾಗಿತ್ತು. ಗಾಡಿ ಕೊಡದ ರೈತರ ವಿವೇಕವೇ ಅಂದು ಹೆಚ್ಚು ಸರಿಯಾಗಿತ್ತು.

ಮೆಟ್ಟಿಲಿನ ಈ ಯೋಚನೆಗೆ ಕನ್ನಡಿಗರು ರಸೆಲ್ಲರ ಕೇಂಬ್ರಿಜ್ಜಿನತ್ತ ನೋಡಬೇಕಾಗಿಲ್ಲ. ಅಹಿಂಸೆಯನ್ನು ಪರಮ ಧರ್ಮವೆಂದವರೂ, ಒಂದು ಮಾತು ಒಂದು ನೆಲೆಯಿಂದ ಹೌದು, ಇನ್ನೊಂದರಿಂದ ಅಲ್ಲ, ಮತ್ತೊಂದರಿಂದ ಹೇಳಲಾಗದ್ದು ಎಂಬ ಸ್ಯಾದ್ವಾದವನ್ನು ಬೆಳೆಸಿದವರೂ ಒಂದೇ ಮನೆಯವರು. ಜೈನರು ಮುನಿಗೆ ಮಹಾವ್ರತ, ಸಂಸಾರಿಗೆ ಅಣುವ್ರತ ಎಂದು ಹಂತ ಮಾಡಿದರು. ಬೇಕೆಂದೇ ಮಾಡುವ ಸಂಕಲ್ಪ ಹಿಂಸೆಯನ್ನು ಶ್ರಾವಕ ಪೂರ್ತಿ ಬಿಡಬೇಕು. ಉಳುವಾಗ, ಅಡುಗೆ ಮಾಡುವಾಗ, ಕೊನೆಗೆ ಮೇಲೆ ಬಿದ್ದವನನ್ನು ತಡೆಯುವಾಗ ಆಗುವ ಹಿಂಸೆಯ ಲೆಕ್ಕ ಬೇರೆ. ಶ್ರವಣಬೆಳಗೊಳದಲ್ಲಿ ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯ ಗಂಗರ ದಂಡನಾಯಕ, ರಣರಂಗದಲ್ಲಿ ಬಿರುದು ಗಳಿಸಿದವನು. ಗೆದ್ದ ಗಳಿಗೆಯಲ್ಲೇ ಗೆಲುವನ್ನು ಬಿಟ್ಟುಕೊಟ್ಟವನ ವಿಗ್ರಹವನ್ನು ಯುದ್ಧ ಬಲ್ಲವನೊಬ್ಬ ಮಾಡಿಸಿದ. ಇದನ್ನು ಕಪಟವೆಂದು ನಾವು ಎಂದೂ ಓದಿಕೊಂಡಿಲ್ಲ.

ಜನ್ನನ ‘ಯಶೋಧರ ಚರಿತೆ’ಯಂತೂ (1209) ಈ ಗಂಟಿನ ನಡುಮಧ್ಯಕ್ಕೇ ಹೋಗುತ್ತದೆ. ಜೀವಂತ ಪ್ರಾಣಿಯನ್ನು ಬಲಿ ಕೊಡಲಾರೆ ಎನ್ನುವ ಯಶೋಧರ ತಾಯಿಯ ಒತ್ತಾಯಕ್ಕೆ ಮಣಿದು ಹಿಟ್ಟಿನ ಕೋಳಿಯನ್ನು ಕಡಿಯುತ್ತಾನೆ. ಅಲ್ಲಿ ಜೀವವಿಲ್ಲ, ನೆತ್ತರಿಲ್ಲ, ಸತ್ತವರೂ ಯಾರೂ ಇಲ್ಲ. ಕತ್ತಿ ಬಿದ್ದಾಗ ಆ ಹಿಟ್ಟಿನ ಕೋಳಿ ಕೂಗಿಬಿಡುತ್ತದೆ. ತಾಯಿ ಮಗ ಇಬ್ಬರೂ ಜನ್ಮಜನ್ಮಾಂತರ ನವಿಲಾಗಿ, ನಾಯಾಗಿ, ಕೊನೆಗೆ ನಿಜವಾದ ಕೋಳಿಗಳೇ ಆಗಿ ನವೆಯುತ್ತಾರೆ. ಅಲ್ಲಿ ಕೊಲೆ ನಡೆದಿಲ್ಲ, ಹಿಂಸೆ ನಡೆದಿದೆ. ಇದರ ಪಕ್ಕದಲ್ಲಿ 1928ರ ಸಾಬರಮತಿ ಆಶ್ರಮವನ್ನು ಇಡಿ. ಗುಣವಾಗದ ರೋಗದಿಂದ ನರಳುತ್ತಿದ್ದ ಕರುವೊಂದು ಮಗ್ಗುಲು ಬದಲಿಸಲೂ ಆಗದೆ ಬಿದ್ದಿತ್ತು. ಗಾಂಧೀಜಿ ವೈದ್ಯರನ್ನು ಕರೆಸಿ, ತಾವೇ ಪಕ್ಕದಲ್ಲಿ ನಿಂತು, ಚುಚ್ಚುಮದ್ದಿನಿಂದ ಅದರ ಪ್ರಾಣ ಬಿಡಿಸಿದರು. ಗುಜರಾತಿನ ಜೈನರೂ ವೈಷ್ಣವರೂ ಸಿಟ್ಟಿನಿಂದ ಕಾಗದದ ಮೇಲೆ ಕಾಗದ ಬರೆದರು. ಅದನ್ನೂ ಗಾಂಧೀಜಿ ಪತ್ರಿಕೆಯಲ್ಲಿ ಬಹಿರಂಗವಾಗಿ ಚರ್ಚಿಸಿದರು. ಇಲ್ಲಿ ಕೊಲೆ ನಡೆದಿದೆ, ಹಿಂಸೆ ನಡೆದಿದೆಯೇ? ಒಪ್ಪುವುದೂ ಬಿಡುವುದೂ ಅವರವರಿಗೆ ಬಿಟ್ಟದ್ದು. ಆದರೆ ಈ ವಿರೋಧಾಭಾಸಗಳನ್ನು ಅಹಿಂಸೆಯ ವೈರಿಗಳು ಹುಡುಕಿ ತಂದದ್ದಲ್ಲ. ಅಹಿಂಸೆಯನ್ನು ಎಲ್ಲರಿಗಿಂತ ಗಂಭೀರವಾಗಿ ಹಿಡಿದವರೇ ಇವನ್ನು ಎದುರಿಗಿಟ್ಟುಕೊಂಡು ಕೂತರು.

ಅತ್ಯಂತ ಕಠಿಣವಾದ ಆಕ್ಷೇಪ ಡಾ. ಅಂಬೇಡ್ಕರ್ ಅವರದು, ಅದನ್ನು ಹಗುರ ಮಾಡಲಾಗದು. 1932ರ ಸೆಪ್ಟೆಂಬರಿನಲ್ಲಿ ಯರವಡಾ ಜೈಲಿನಲ್ಲಿ ಗಾಂಧೀಜಿ ದಲಿತರ ಪ್ರತ್ಯೇಕ ಮತಕ್ಷೇತ್ರದ ವಿರುದ್ಧ ಉಪವಾಸ ಹೂಡಿದಾಗ ಅದರ ಭಾರ ಬಿದ್ದದ್ದು ಸಾಮ್ರಾಜ್ಯದ ಮೇಲಲ್ಲ, ದೇಶದ ಅತ್ಯಂತ ತುಳಿತಕ್ಕೊಳಗಾದ ಜನರ ಪ್ರತಿನಿಧಿಯ ಮೇಲೆ. ಗಾಂಧಿಗೆ ಏನಾದರೂ ಆದರೆ ಹಳ್ಳಿಹಳ್ಳಿಯ ದಲಿತ ಕೇರಿಗಳ ಗತಿಯೇನು? ಈ ಭಯ ಆ ಮಾತುಕತೆಯ ಕೋಣೆಯಲ್ಲಿತ್ತು. ಯಾರ ಮೈಮೇಲೂ ಕೈ ಮಾಡದೆ ಒಬ್ಬರ ಕೈ ಕಟ್ಟಿಹಾಕಬಹುದು ಎಂಬುದಕ್ಕೆ ಪುಣೆ ಒಪ್ಪಂದ ಸಾಕ್ಷಿ. ಅದೇ ಅಂಬೇಡ್ಕರ್ 1927ರಲ್ಲಿ ಮಹಾಡದ ಚವದಾರ್ ಕೆರೆಯ ನೀರನ್ನು ಮುಟ್ಟಿದ್ದು ಸತ್ಯಾಗ್ರಹದ ಹಾದಿಯಲ್ಲೇ. ಮೇಲೆ ಬಿದ್ದು ಹೊಡೆದವರು ಸವರ್ಣರು. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ, ಸಾಂವಿಧಾನಿಕ ದಾರಿ ತೆರೆದಿರುವಾಗ ಸತ್ಯಾಗ್ರಹವನ್ನೂ ಬಿಡಬೇಕೆಂದು ಅವರು ಹೇಳಿದರು. ಆ ಮಾತಿನ ಷರತ್ತನ್ನು ಮರೆಯುವಂತಿಲ್ಲ: ದಾರಿ ತೆರೆದಿರಬೇಕು.

ನಮ್ಮ ನೆಲದ ಲೆಕ್ಕವೂ ನೇರವಾಗಿಲ್ಲ. ಮೋಟೆಬೆನ್ನೂರಿನ ಮೈಲಾರ ಮಹಾದೇವ 1930ರಲ್ಲಿ ಗಾಂಧೀಜಿಯ ಜೊತೆ ದಂಡಿಗೆ ನಡೆದ ತಂಡದ ಕನ್ನಡಿಗ, ಆಗಿನ್ನೂ ಇಪ್ಪತ್ತು ತುಂಬದ ಹುಡುಗ. ಹದಿಮೂರು ವರ್ಷಗಳ ನಂತರ, 1943ರ ಏಪ್ರಿಲ್ 1ರಂದು, ಹೊಸರಿತ್ತಿಯಲ್ಲಿ ಕಂದಾಯದ ಹಣ ಇಟ್ಟಿದ್ದ ಜಾಗಕ್ಕೆ ತಂಡ ಕಟ್ಟಿಕೊಂಡು ನುಗ್ಗಿದಾಗ ಪೊಲೀಸರ ಗುಂಡಿಗೆ ಬಿದ್ದರು. ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಜೊತೆಗೇ ಸತ್ತರು. ಅದಕ್ಕೆ ಕೆಲವು ತಿಂಗಳ ಮೊದಲು ಶಿಕಾರಿಪುರ ತಾಲ್ಲೂಕಿನ ಈಸೂರು ತನ್ನದೇ ಸರ್ಕಾರ ಘೋಷಿಸಿಕೊಂಡಿತ್ತು. ಊರಿಗೆ ಬಂದ ಅಮಲ್ದಾರ ಮತ್ತು ಸಬ್ ಇನ್ಸ್‌ಪೆಕ್ಟರ್ ಜನರ ಕೈಯಲ್ಲಿ ಸತ್ತರು, ಐವರನ್ನು ಗಲ್ಲಿಗೇರಿಸಲಾಯಿತು. ಇವರನ್ನೆಲ್ಲ ನಾವು ಹುತಾತ್ಮರೆನ್ನುತ್ತೇವೆ, ಎನ್ನಲೇಬೇಕು. ಆದರೆ ಈಸೂರಿನ ಸಾಹಸವನ್ನು ಹೇಳುವ ನಮ್ಮ ಪಠ್ಯಪುಸ್ತಕಗಳು, ನಾಯಕರೆಲ್ಲ ಜೈಲು ಸೇರಿ ಶಿಸ್ತು ಹೇಳಿಕೊಡುವವರು ಯಾರೂ ಉಳಿಯದಿದ್ದಾಗ ಅಹಿಂಸೆ ಎಷ್ಟು ಬೇಗ ಕೈಬಿಟ್ಟುಹೋಗುತ್ತದೆ ಎಂಬ ಪಾಠವನ್ನು ಹೇಳಿದ್ದನ್ನು ನಾವು ಕಾಣೆವು. ಅಹಿಂಸೆ ಗರಡಿಯ ವಿದ್ಯೆಯಂಥದು, ಸಾಧನೆ ತಪ್ಪಿದರೆ ಮೈ ಮರೆತುಬಿಡುತ್ತದೆ. 1930ರ ಮೇ ತಿಂಗಳಲ್ಲಿ ಧರಾಸಣದ ಉಪ್ಪಿನ ಕೋಠಿಯ ಮುಂದೆ ಲಾಠಿ ಬೀಳುವಾಗ ಸಾಲು ಸಾಲಾಗಿ ಮುಂದೆ ನಡೆದವರು ಕೈ ಎತ್ತಿ ತಲೆ ಕಾಯ್ದುಕೊಳ್ಳಲೂ ಹೋಗಲಿಲ್ಲ. ಅಂಥದ್ದು ಬರಿಯ ಆವೇಶದಿಂದ ಆಗುವ ಕೆಲಸವಲ್ಲ.

ಇಂದಿನ ಮಾತಿಗೆ ಬರೋಣ. ಎರಿಕಾ ಚೆನೊವೆತ್ ಮತ್ತು ಮರಿಯಾ ಸ್ಟೀಫನ್ 1900ರಿಂದ 2006ರವರೆಗಿನ 323 ಚಳವಳಿಗಳನ್ನು ಪರಿಶೀಲಿಸಿದಾಗ, ಅಹಿಂಸಾತ್ಮಕವಾದವುಗಳಲ್ಲಿ ಶೇ 53ರಷ್ಟು, ಶಸ್ತ್ರ ಹಿಡಿದವುಗಳಲ್ಲಿ ಶೇ 26ರಷ್ಟು ಗುರಿ ಮುಟ್ಟಿದ್ದು ಕಂಡಿತು. 2010ರ ನಂತರ ಎರಡೂ ಕುಸಿದಿವೆ. ಅಹಿಂಸಾ ಚಳವಳಿಗಳ ಗೆಲುವು ಮೂರರಲ್ಲಿ ಒಂದರ ಆಸುಪಾಸಿಗೆ ಇಳಿದಿದೆ; ಸಶಸ್ತ್ರ ಹೋರಾಟಗಳ ಗೆಲುವು ಅದಕ್ಕಿಂತಲೂ ತೀರಾ ಕೆಳಗೆ ಹೋಗಿದೆ. ಚೆನೊವೆತ್ ಹೇಳುವ ಕಾರಣಗಳಲ್ಲಿ ಒಂದು ಮುಖ್ಯ: ಬೀದಿಗೆ ಜನ ಸೇರಿಸುವುದು ಸುಲಭವಾದಷ್ಟೂ ಮುಷ್ಕರ, ಅಸಹಕಾರ, ಮನೆಮನೆಯ ಸಂಘಟನೆ ಹಿಂದೆ ಬಿದ್ದಿವೆ. ಮೊಬೈಲಿನಲ್ಲಿ ಕರೆದ ಜನ ಸಂಜೆಗೆ ಚದುರುತ್ತಾರೆ. ಮ್ಯಾನ್ಮಾರಿನಲ್ಲಿ 2021ರ ಸೇನಾದಂಗೆಯ ಬಳಿಕ ವೈದ್ಯರು, ಶಿಕ್ಷಕರು, ರೈಲ್ವೆ ನೌಕರರು ಕೆಲಸ ನಿಲ್ಲಿಸಿ ನಡೆಸಿದ ಅಸಹಕಾರಕ್ಕೆ ಗುಂಡೇ ಉತ್ತರವಾಯಿತು, ಯುವಕರು ಕಾಡು ಸೇರಿ ಬಂದೂಕು ಹಿಡಿದರು. ಅವರಿಗೆ ದೂರದಿಂದ ಉಪದೇಶ ಮಾಡುವ ಯೋಗ್ಯತೆ ನಮಗಿಲ್ಲ. ಇತ್ತ ದೆಹಲಿಯ ಗಡಿಗಳಲ್ಲಿ 2020ರ ನವೆಂಬರಿನಿಂದ ಕುಳಿತ ರೈತರು 2021ರ ಜನವರಿ 26ರ ಕೆಂಪುಕೋಟೆಯ ಗಲಭೆಯಿಂದ ಎಲ್ಲವನ್ನೂ ಕಳೆದುಕೊಳ್ಳುವ ಹಂತಕ್ಕೆ ಬಂದಿದ್ದರು. ಮತ್ತೆ ಟ್ರಾಲಿಗಳಿಗೆ ಮರಳಿ, ಲಂಗರಿನ ಒಲೆ ಆರದಂತೆ ನೋಡಿಕೊಂಡು, ಬೇಸಗೆ ಮಳೆ ಕಳೆದರು. ನವೆಂಬರ್ 19ರಂದು ಮೂರು ಕೃಷಿ ಕಾಯ್ದೆಗಳನ್ನು ಹಿಂಪಡೆಯುವ ಘೋಷಣೆ ಬಂತು.

ಮಣಿಪುರದ ಇರೋಮ್ ಶರ್ಮಿಳಾ ಅವರ ಲೆಕ್ಕ ಮಾತ್ರ ಯಾವ ಪಟ್ಟಿಗೂ ಹೊಂದುವುದಿಲ್ಲ. ಮಾಲೋಮಿನಲ್ಲಿ ಹತ್ತು ನಾಗರಿಕರು ಗುಂಡಿಗೆ ಬಲಿಯಾದ ಮೇಲೆ, ಸೇನೆಗೆ ವಿಶೇಷಾಧಿಕಾರ ಕೊಡುವ ಕಾಯ್ದೆ ಹೋಗಲಿ ಎಂದು 2000ದ ನವೆಂಬರಿನಲ್ಲಿ ಉಪವಾಸ ಕೂತರು. ಸರ್ಕಾರ ಆತ್ಮಹತ್ಯೆ ಯತ್ನದ ಮೊಕದ್ದಮೆ ಹೂಡಿತು. ಆ ಕಲಮಿನ ಅಡಿಯ ಗರಿಷ್ಠ ಶಿಕ್ಷೆ ಒಂದು ವರ್ಷ. ಹಾಗಾಗಿ ವರ್ಷ ತುಂಬಿದಾಗ ಬಿಡುಗಡೆ, ಅವರು ಊಟ ಮುಟ್ಟದೆ ಇರುವುದನ್ನು ನೋಡಿ ಮತ್ತೆ ಬಂಧನ, ಮೂಗಿನ ನಳಿಕೆಯಲ್ಲಿ ಆಹಾರ. ತನ್ನ ಜೀವವನ್ನೇ ಒತ್ತೆಯಿಟ್ಟವಳ ಮೇಲೆ, ಆ ಜೀವಕ್ಕೇ ಹಿಂಸೆ ಮಾಡಿದ ಆರೋಪ! ಹದಿನಾರು ವರ್ಷ ಇದು ನಡೆಯಿತು. 2016ರ ಆಗಸ್ಟಿನಲ್ಲಿ ಉಪವಾಸ ಬಿಟ್ಟು ಮರುವರ್ಷ ಚುನಾವಣೆಗೆ ನಿಂತಾಗ ಸಿಕ್ಕಿದ್ದು 90 ಮತ. ಆ ಸಂಖ್ಯೆಯನ್ನು ಅಹಿಂಸೆಯ ಸೋಲೆಂದು ತೋರಿಸುವವರಿದ್ದಾರೆ. ನಮಗೆ ಅದು ಉಪವಾಸವನ್ನು ದೂರದಿಂದ ಕೈಮುಗಿದು, ಜೊತೆಗೆ ಬಾರದೆ ಉಳಿದ ನಮ್ಮೆಲ್ಲರ ಲೆಕ್ಕವಾಗಿ ಕಾಣುತ್ತದೆ.

ಇಷ್ಟು ಕಟ್ಟುನಿಟ್ಟಾದ ಪ್ರಶ್ನೆಗಳನ್ನು ಹಿಂಸೆಗೆ ಯಾರೂ ಕೇಳುವುದಿಲ್ಲ, ನಮ್ಮ ತಕರಾರು ಅದೇ. ಜಗತ್ತಿನಲ್ಲಿ ಸುಮಾರು 12,000 ಅಣ್ವಸ್ತ್ರ ಸಿಡಿತಲೆಗಳಿವೆ. ಎಂದೂ ಬಳಸಬಾರದೆಂದೇ ಅವನ್ನು ಇಟ್ಟುಕೊಂಡಿದ್ದಾರಂತೆ. ಬಳಸದೆ ಇರಬೇಕಾದರೆ ಬಳಸಲು ಮನಃಪೂರ್ವಕ ಸಿದ್ಧರಿರಬೇಕಂತೆ. ಫ್ರೇಗೆಯನ್ನು ಅಲುಗಾಡಿಸಿದ ಗಂಟಿಗಿಂತ ಇದು ಸಣ್ಣದಲ್ಲ. ಇದನ್ನು ಕಂಡೇ ರಸೆಲ್, ಹಿಟ್ಲರನ ವಿರುದ್ಧದ ಯುದ್ಧವನ್ನು ಬೆಂಬಲಿಸಿದ್ದ ಅದೇ ರಸೆಲ್, 1955ರಲ್ಲಿ ಐನ್‌ಸ್ಟೈನರೊಡನೆ ಅಣ್ವಸ್ತ್ರದ ವಿರುದ್ಧ ಪ್ರಣಾಳಿಕೆ ಹೊರಡಿಸಿದರು. 1961ರಲ್ಲಿ, 89ರ ವಯಸ್ಸಿನಲ್ಲಿ, ಒಂದು ವಾರದ ಸಜೆಗಾಗಿ ಮತ್ತೆ ಬ್ರಿಕ್ಸ್ಟನ್ ಜೈಲಿನ ಬಾಗಿಲು ದಾಟಿದರು.

ಬೆಂಗಳೂರಿನಲ್ಲಿ ಇಂದು ಧರಣಿ ಕೂರಬೇಕೆಂದರೆ ಹೋಗಬೇಕಾದದ್ದು ಫ್ರೀಡಂ ಪಾರ್ಕಿಗೆ. ಅದು ಹಳೆಯ ಸೆಂಟ್ರಲ್ ಜೈಲು. ತುರ್ತುಪರಿಸ್ಥಿತಿಯಲ್ಲಿ ವಿರೋಧಪಕ್ಷದ ನಾಯಕರನ್ನು ಇಟ್ಟಿದ್ದ ಜಾಗ. 2021ರ ಪೊಲೀಸ್ ಆದೇಶದ ಪ್ರಕಾರ ಮೊದಲು ಅನುಮತಿ ಪಡೆಯಬೇಕು, ಆಮೇಲೆ ಅಲ್ಲೇ ಕೂರಬೇಕು. ಅಂಗನವಾಡಿ ಕಾರ್ಯಕರ್ತೆಯರಾಗಲಿ ಆಶಾ ಕಾರ್ಯಕರ್ತೆಯರಾಗಲಿ ಜಿಲ್ಲೆಗಳಿಂದ ರಾತ್ರಿ ಬಸ್ಸಿನಲ್ಲಿ ಬಂದಿಳಿದು ಅಲ್ಲಿಗೇ ಹೋಗಬೇಕು. ವಿಧಾನಸೌಧದ ಕಿಟಕಿಗೆ ಆ ಕೂಗು ಕೇಳಿಸುವುದಿಲ್ಲ. ಸಂಚಾರದ ತೊಂದರೆ ನಿಜ. ಆದರೆ ಯಾರಿಗೂ ಯಾವ ಅಡಚಣೆಯೂ ಆಗದ ಸತ್ಯಾಗ್ರಹವನ್ನು ಯಾವ ಸರ್ಕಾರ ಕಿವಿಗೆ ಹಾಕಿಕೊಂಡೀತು? ಇನ್ನು 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆತ್ಮಹತ್ಯೆ ಯತ್ನವೆಂಬ ಹಳೆಯ ಅಪರಾಧ ಹೋಗಿದೆ, ಆದರೆ 226ನೇ ಕಲಮಿನಲ್ಲಿ ಒಂದು ತುಣುಕು ಉಳಿದಿದೆ. ಸರ್ಕಾರಿ ನೌಕರನ ಮೇಲೆ ಒತ್ತಡ ತರಲೆಂದು ಆತ್ಮಹತ್ಯೆಗೆ ಯತ್ನಿಸಿದರೆ ಒಂದು ವರ್ಷದವರೆಗೆ ಸಜೆ. ಬಾಳಲಾರದೆ ಸಾಯಹೊರಟವನನ್ನು ಬಿಟ್ಟು, ಸರ್ಕಾರವನ್ನು ಪ್ರಶ್ನಿಸಿ ಉಪವಾಸ ಕೂತವರ ಮೇಲೆ ಪ್ರಯೋಗಿಸಬಹುದಾದ ಅಸ್ತ್ರವನ್ನು ಮಾತ್ರ ಕಾನೂನು ಉಳಿಸಿಕೊಂಡಿದೆ. ಅಹಿಂಸೆಗೆ ಇನ್ನು ಬೆಲೆಯಿಲ್ಲ ಎಂದು ಕಾನೂನು ಬರೆದವರಂತೂ ನಂಬಿಲ್ಲ. ಈ ಕಲಮಿನಿಂದ ಉಪವಾಸ ಸತ್ಯಾಗ್ರಹವನ್ನು ಸ್ಪಷ್ಟವಾಗಿ ಹೊರಗಿಡುವಂತೆ ಕರ್ನಾಟಕದ ಸಂಸದರು ಸಂಸತ್ತಿನಲ್ಲಿ ಕೇಳಬೇಕು. 2021ರ ಆದೇಶವನ್ನು ರಾಜ್ಯ ಸರ್ಕಾರ ಮರುಪರಿಶೀಲಿಸಬೇಕು. ಬೆಳಗಾವಿಯ ಶತಮಾನೋತ್ಸವವನ್ನು ಅಷ್ಟು ಸಂಭ್ರಮದಿಂದ ಆಚರಿಸಿದ ಸರ್ಕಾರಕ್ಕೆ ಇದು ಸಲ್ಲದ ಬೇಡಿಕೆಯೇನೂ ಅಲ್ಲ.