ಮನೆಯಲ್ಲಿ ಮೂವರು ವಿದ್ಯಾರ್ಥಿಗಳು



ಕಳೆದ ಆಗಸ್ಟ್ ತಿಂಗಳ ಒಂದು ಮಳೆಯ ದಿನ. ಮಧ್ಯಂತರದ ಬಿಡುವಿನಲ್ಲಿ ಏಳನೆಯ ಇಯತ್ತೆಯ ಬಾಲಿಕೆಯೊಬ್ಬಳು ನಮ್ಮ ಮೇಜಿನ ಬಳಿ ಬಂದು, ಬಹಳ ಹೊತ್ತು ಸುಮ್ಮನೆ ನಿಂತಿದ್ದು, ಕೊನೆಗೆ ಮೆಲ್ಲನೆ ಕೇಳಿದಳು: “ಟೀಚರ್, ನೀವೂ ಪರೀಕ್ಷಾಕ್ಕ ಕೂಡತೀರಂತಲ್ಲ, ಖರೇ ಏನ್ರಿ? ನಮ್ಮವ್ವನೂ ಈ ವರ್ಷ ಹನ್ನೆರಡನೇದ್ದು ಕಟ್ಯಾಳ. ಚಾಳಿನಾಗ ಎಲ್ಲಾರೂ ನಗತಾರ್ರಿ.”

“ಖರೆ” ಎಂದೆವು. ಅಷ್ಟರಲ್ಲಿ ಗಂಟೆ ಬಾರಿಸಿತು. ಮಾತು ಅಲ್ಲಿಗೇ ನಿಂತಿತು. ಅಂದು ಕೊಡಲಾಗದ ಉತ್ತರವನ್ನು ಈ ವಾರ್ಷಿಕ ಸಂಚಿಕೆಯ ಮೂಲಕ ಕೊಡಬೇಕೆಂದು ನಮ್ಮ ಆಸೆ. ಆ ಬಾಲಿಕೆಯೊಬ್ಬಳಿಗೇ ಅಲ್ಲ. ತಾಯಿಯೋ ತಂದೆಯೋ ಪುನಃ ಪುಸ್ತಕ ಹಿಡಿದಿರುವ ಎಲ್ಲ ಮನೆಗಳ ಮಕ್ಕಳಿಗೂ ಈ ಉತ್ತರ ಸಲ್ಲುವುದೆಂದು ನಂಬಿದ್ದೇವೆ.

ಮೊದಲು ನಮ್ಮ ವಿಚಾರ. ನಾವು ಧಾರವಾಡ ಜಿಲ್ಲೆಯ ಹಳ್ಳಿಯೊಂದರ ಕನ್ನಡ ಶಾಲೆಯಲ್ಲಿ ಮೆಟ್ರಿಕ್ ಮುಗಿಸಿದವರು. ಅನಂತರ ಶಿಕ್ಷಕರ ತರಬೇತಿ ಪಡೆದು, ಮದುವೆಯಾಗಿ, ಈ ಮುಂಬಯಿ ನಗರವನ್ನು ಸೇರಿದೆವು. ಪದವಿಯ ಆಸೆಯನ್ನು ಪೆಟ್ಟಿಗೆಯ ತಳದಲ್ಲಿ ಮಡಚಿಟ್ಟದ್ದು ಹಾಗೆಯೇ ಉಳಿಯಿತು. ಮಗಳು ಹುಟ್ಟಿದಳು, ನಾಲ್ಕು ವರ್ಷಗಳ ಮೇಲೆ ಮಗ ಹುಟ್ಟಿದನು. ಮೂವತ್ತೈದು ತುಂಬುವ ಹೊತ್ತಿಗೆ ಆ ಪೆಟ್ಟಿಗೆಯನ್ನು ತೆರೆಯಬೇಕೆನಿಸಿತು. ಕಾಲೇಜೊಂದಕ್ಕೆ ಹೋಗಿ ವಿಚಾರಿಸಿದಾಗ ಅಲ್ಲಿಯ ಕಾರಕೂನರು, “ಪ್ರವೇಶ ಮಗಳಿಗೋ, ಮಗನಿಗೋ?” ಎಂದು ಕೇಳಿದರು. ನಮಗೇ ಎಂದಾಗ ಅವರು ನಗಲಿಲ್ಲ, ನಿಜ. ಆದರೆ ಅರ್ಜಿಯನ್ನು ಕೊಡುವ ಮೊದಲು ಇನ್ನೊಮ್ಮೆ ಕೇಳಿ ಖಚಿತಪಡಿಸಿಕೊಂಡರು. ಕಾಲೇಜಿನ ವೇಳೆಯೂ ನಮ್ಮ ಶಾಲೆಯ ವೇಳೆಯೂ ಒಂದೇ ಆದುದರಿಂದ ಅಲ್ಲಿ ಓದುವುದು ಸಾಧ್ಯವಿರಲಿಲ್ಲ.

ನಮ್ಮಂಥವರಿಗೆ ಈ ದೇಶದಲ್ಲಿ ಇನ್ನೊಂದು ದಾರಿಯುಂಟು. ೧೯೮೫ರಲ್ಲಿ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯವೂ, ೧೯೮೯ರಲ್ಲಿ ನಾಶಿಕದ ಯಶವಂತರಾವ ಚವ್ಹಾಣ ಮಹಾರಾಷ್ಟ್ರ ಮುಕ್ತ ವಿಶ್ವವಿದ್ಯಾಲಯವೂ ಸ್ಥಾಪನೆಯಾದವು. ಮನೆಯಲ್ಲಿದ್ದು ಓದುವುದು, ಪ್ರಶ್ನೆಗಳಿಗೆ ಉತ್ತರ ಬರೆದು ಒಪ್ಪಿಸುವುದು, ಅಧ್ಯಯನ ಕೇಂದ್ರಕ್ಕೆ ಆಗಾಗ ಹೋಗಿ ಬರುವುದು, ಪರೀಕ್ಷೆಗೆ ಕೂಡುವುದು ಇಲ್ಲಿಯ ಕ್ರಮ. ಮೊದಲು ಹೇಳಿದ ವಿಶ್ವವಿದ್ಯಾಲಯದಲ್ಲಿ ಜೂನ್ ಮತ್ತು ಡಿಸೆಂಬರ್ ತಿಂಗಳುಗಳಲ್ಲಿ ಪರೀಕ್ಷೆ. ಮೂರು ವರ್ಷದ ಪದವಿಯನ್ನು ಆರು ವರ್ಷಗಳೊಳಗೆ ಮುಗಿಸಲು ಅವಕಾಶ. ನಾವು ಅಲ್ಲಿ ಹೆಸರು ನೋಂದಾಯಿಸಿದೆವು. ಪುಸ್ತಕಗಳು ಇಂಗ್ಲಿಷಿನಲ್ಲಿದ್ದವು. ಕನ್ನಡದಲ್ಲಿ ಕಲಿತ ನಮಗೆ ಮೊದಲ ತಿಂಗಳು ಒಂದು ಪುಟಕ್ಕೆ ಇಪ್ಪತ್ತು ಸಲ ನಿಘಂಟನ್ನು ತೆರೆಯಬೇಕಾಗುತ್ತಿತ್ತು.

ಇನ್ನು ಚಾಳಿನ ನಗುವಿನ ವಿಚಾರ. ಈ ನಗರದ ಕನ್ನಡಿಗರಾದ ನಮಗೆ, ದುಡಿಯುತ್ತ ಓದುವುದು ಹೊಸತಲ್ಲ. ನಮ್ಮ ಹಿರಿಯರಲ್ಲಿ ಎಷ್ಟೋ ಜನ ಹುಡುಗರಾಗಿ ಇಲ್ಲಿಗೆ ಬಂದು, ಹಗಲೆಲ್ಲ ಹೊಟೇಲುಗಳಲ್ಲಿ ಕಪ್ಪುಬಸಿ ತೊಳೆದು, ರಾತ್ರಿ ಶಾಲೆಗಳಲ್ಲಿ ಕಲಿತರು. ಮುಂದೆ ವಕೀಲರೂ ಅಧ್ಯಾಪಕರೂ ಉದ್ಯಮಿಗಳೂ ಆದರು. ಅವರ ಕಥೆಯನ್ನು ನಾವು ಪ್ರತಿ ಸಮಾರಂಭದಲ್ಲಿಯೂ ಹೆಮ್ಮೆಯಿಂದ ಹೇಳುತ್ತೇವೆ. ಹಗಲು ಪಾತ್ರೆ ತೊಳೆದು ರಾತ್ರಿ ಓದಿದ ಹುಡುಗನನ್ನು ಹೊಗಳುವ ನಾಲಿಗೆಯೇ, ಹಗಲು ಪಾತ್ರೆ ತೊಳೆದು ರಾತ್ರಿ ಓದುವ ತಾಯಿಯನ್ನು ಕಂಡು ನಗುವುದಾದರೆ ಅದರಲ್ಲಿ ನ್ಯಾಯವೆಲ್ಲಿದೆ? ಕೆಲಸ ಒಂದೇ, ದಣಿವು ಒಂದೇ, ಆಸೆಯೂ ಒಂದೇ. ಬೇರೆಯಾದದ್ದು ಓದುವವರ ವಯಸ್ಸು, ಮತ್ತು ಅವರು ಹೆಂಗಸೆಂಬುದು.

ಇದೇ ಮಹಾರಾಷ್ಟ್ರದ ನೆಲದಲ್ಲಿ ಹಿಂದೆ ಪಾರ್ವತೀಬಾಯಿ ಆಠವಲೆ ಎಂಬ ಮಹಿಳೆಯಿದ್ದರು. ಇಪ್ಪತ್ತರ ವಯಸ್ಸಿನಲ್ಲಿ ಪತಿಯನ್ನು ಕಳೆದುಕೊಂಡು ಎಳೆಯ ಮಗನೊಡನೆ ಉಳಿದವರು. ಶಾಲೆಯ ವಿದ್ಯೆ ಅವರಿಗೆ ಒದಗಿದ್ದು ಅದಾದ ಮೇಲೆ, ಪುಣೆಯಲ್ಲಿ. ಅವರ ಸೋದರಿಯನ್ನು ಧೋಂಡೋ ಕೇಶವ ಕರ್ವೆಯವರು ೧೮೯೩ರಲ್ಲಿ ಪುನರ್ವಿವಾಹವಾಗಿದ್ದರು. ಪುಣೆಯ ಬಳಿಯ ಹಿಂಗಣೆಯಲ್ಲಿ ಕರ್ವೆಯವರು ನಡೆಸಿದ ವಿಧವಾಶ್ರಮದಲ್ಲಿ ಪಾರ್ವತೀಬಾಯಿ ಹಲವು ಕಾಲ ದುಡಿದರು. ನಲವತ್ತು ದಾಟಿದ ಮೇಲೆ, ೧೯೧೮ರಲ್ಲಿ, ಇಂಗ್ಲಿಷ್ ಕಲಿಯಬೇಕೆಂದು ಅಮೇರಿಕಕ್ಕೆ ಹೊರಟರು. ಆ ಕಾಲದಲ್ಲಿ ನಕ್ಕವರು ಕಡಿಮೆಯಿರಲಾರರು. ನಾವು ಇಲ್ಲಿ ಗಮನಿಸತಕ್ಕದ್ದು ಆ ತಾಯಿಯ ಧೈರ್ಯವನ್ನು ಮಾತ್ರವಲ್ಲ. ಅವರ ಬೆನ್ನಿಗೆ ಸೋದರಿಯ ಮನೆಯಿತ್ತು, ಒಂದು ಆಶ್ರಮವಿತ್ತು. ಕರ್ವೆಯವರು ೧೯೧೬ರಲ್ಲಿ ಮಹಿಳಾ ವಿದ್ಯಾಪೀಠವನ್ನು ಸ್ಥಾಪಿಸಿದಾಗ, ಹೆಣ್ಣುಮಕ್ಕಳಿಗೆ ತಾಯ್ನುಡಿಯಲ್ಲಿ ಉಚ್ಚಶಿಕ್ಷಣ ಕೊಡಬೇಕೆಂಬುದೇ ಅದರ ತತ್ವವಾಗಿತ್ತು. ಓದುವ ತಾಯಿಯ ಹಿಂದೆ ಅವಳ ಭಾರವನ್ನು ಹೊರುವ ಇತರ ಕೈಗಳು ಇರಲೇಬೇಕು. ಆ ಕೈಗಳು ಯಾರವು ಎಂಬುದೇ ನಮ್ಮ ಮುಂದಿನ ಪ್ರಶ್ನೆ.

ಈ ಪ್ರಶ್ನೆಯನ್ನು ನಾವು ಪುಸ್ತಕದಿಂದ ಕಲಿತುದಲ್ಲ. ಸ್ವಂತ ತಪ್ಪಿನಿಂದ ಕಲಿತೆವು. ನಿಮಗೆ ಲೆಕ್ಕವೆಂದರೆ ಇಷ್ಟವಲ್ಲವೆ? ಒಂದು ಲೆಕ್ಕ ಹೇಳುತ್ತೇವೆ. ನಮ್ಮ ವಿಶ್ವವಿದ್ಯಾಲಯದಲ್ಲಿ ವಿಷಯಗಳನ್ನು ಕ್ರೆಡಿಟ್ಟುಗಳಲ್ಲಿ ಅಳೆಯುತ್ತಾರೆ. ಒಂದು ಕ್ರೆಡಿಟ್ಟಿಗೆ ೩೦ ಗಂಟೆಗಳ ಅಧ್ಯಯನ. ಆರು ಕ್ರೆಡಿಟ್ಟಿನ ಒಂದು ವಿಷಯಕ್ಕೆ ೧೮೦ ಗಂಟೆ. ಮೂರು ವಿಷಯಗಳಿಗೆ ೫೪೦ ಗಂಟೆ. ಆರು ತಿಂಗಳೆಂದರೆ ೧೮೦ ದಿನ. ಹಾಗಾದರೆ ದಿನಕ್ಕೆ ಎಷ್ಟಾಯಿತು? ಮೂರು ಗಂಟೆ. ಒಂದು ದಿನವೂ ಮಗುವಿಗೆ ಜ್ವರ ಬರಬಾರದು, ಒಂದು ದಿನವೂ ಊರಿನಿಂದ ನೆಂಟರು ಬರಬಾರದು, ಒಂದು ದಿನವೂ ಲೋಕಲ್ ಗಾಡಿ ಮಳೆಯಲ್ಲಿ ನಿಲ್ಲಬಾರದು.

ನಮ್ಮ ಮನೆಯಲ್ಲಿ ನಳದ ನೀರು ಬೆಳಗಿನ ನಾಲ್ಕೂವರೆಗೆ ಬರುವುದು. ನೀರು ತುಂಬಿ, ಅಡಿಗೆ ಮಾಡಿ, ನಾಲ್ಕು ಡಬ್ಬಿ ಕಟ್ಟಿ ಶಾಲೆಗೆ ಹೊರಟರೆ, ಪುನಃ ಮನೆಯ ಕೆಲಸವೆಲ್ಲ ಮುಗಿಯುವುದು ರಾತ್ರಿ ಹತ್ತಕ್ಕೆ. ಹತ್ತರಿಂದ ಹನ್ನೊಂದೂವರೆಯವರೆಗೆ ಅಡಿಗೆಕಟ್ಟೆಯ ದೀಪದ ಕೆಳಗೆ ಓದುತ್ತಿದ್ದೆವು. ಆ ಒಂದೂವರೆ ಗಂಟೆಯನ್ನು ನಾವು ನಿದ್ರೆಯಿಂದ ತೆಗೆದುಕೊಂಡೆವು. ಸಂಜೆ ಇನ್ನೊಂದೂವರೆ ಗಂಟೆ ಹೇಗೋ ದೊರೆಯತೊಡಗಿತು. ಅದು ಎಲ್ಲಿಂದ ಬರುತ್ತಿದೆಯೆಂದು ನಾವು ಕೇಳಿಕೊಳ್ಳಲಿಲ್ಲ.

ನವೆಂಬರ್ ತಿಂಗಳು. ಪರೀಕ್ಷೆಗೆ ಮೂರು ವಾರಗಳಿದ್ದವು. ಅಂದು ಐದನೆಯ ಇಯತ್ತೆಯಲ್ಲಿದ್ದ ನಮ್ಮ ಮಗಳ ಗಣಿತದ ವಹಿಯನ್ನು ಅವಳ ವರ್ಗಶಿಕ್ಷಕಿಯವರು ನಮ್ಮ ಕೈಗೆ ಕೊಟ್ಟರು. ಏನನ್ನೂ ಹೇಳಲಿಲ್ಲ. ತೆರೆದು ನೋಡಿದರೆ ಹನ್ನೊಂದು ಲೆಕ್ಕಗಳ ಪ್ರಶ್ನೆಗಳನ್ನು ಅಂದವಾಗಿ ಬರೆದು, ಉತ್ತರದ ಜಾಗವನ್ನು ಹಾಗೆಯೇ ಬಿಟ್ಟಿದ್ದಳು. ಸಂಜೆ ಕೇಳಿದೆವು. ಅವಳು ಹಿಟ್ಟು ನಾದುತ್ತಿದ್ದಳು. ತಲೆಯೆತ್ತದೆಯೇ, “ನಿನ್ನ ಪರೀಕ್ಷಾ ಮುಗದ ಮ್ಯಾಲೆ ಮಾಡ್ತೀನವ್ವಾ” ಎಂದಳು.

ಆಗ ನಮಗೆ ಆ ಒಂದೂವರೆ ಗಂಟೆಯ ಮೂಲ ತಿಳಿಯಿತು. ತಮ್ಮನನ್ನು ಕರೆತರುವುದು, ಬಟ್ಟೆ ಮಡಚುವುದು, ಹಿಟ್ಟು ನಾದುವುದು, ಪಾತ್ರೆ ತೊಳೆಯುವುದು: ಒಂದೊಂದಾಗಿ, ಯಾರೂ ಹೇಳದೆ, ಎಲ್ಲವೂ ಹತ್ತು ವರ್ಷದ ಹುಡುಗಿಯ ಪಾಲಿಗೆ ಹೋಗಿದ್ದುವು. ಅವಳು ದೂರಿರಲಿಲ್ಲ. ಬಂದವರೆಲ್ಲ, “ಎಂಥ ಜಾಣ ಮಗಳು!” ಎಂದು ಹೊಗಳುತ್ತಿದ್ದರು, ನಾವೂ ಹಿಗ್ಗುತ್ತಿದ್ದೆವು. ತಾಯಿ ಕಲಿಯಲೆಂದು ಮಗಳು ಕಲಿಯುವುದನ್ನು ಬಿಡುತ್ತಿದ್ದಳು. ಇಪ್ಪತ್ತು ವರ್ಷಗಳ ಮೇಲೆ ಅವಳೂ ನಮ್ಮಂತೆ ಪೆಟ್ಟಿಗೆ ತೆರೆಯಬೇಕಾಗುವ ಏರ್ಪಾಟನ್ನು ನಾವೇ ಮಾಡುತ್ತಿದ್ದೆವು.

ಅಂದು ರಾತ್ರಿ ಓದನ್ನೇ ಬಿಟ್ಟುಬಿಡುವುದೆಂದು ನಿಶ್ಚಯಿಸಿ, ಪುಸ್ತಕಗಳನ್ನು ಕಟ್ಟಿ ಮೇಲಿನ ಹಲಗೆಗೆ ಏರಿಸಿದೆವು. ನಮ್ಮ ಯಜಮಾನರು ಒಂದು ಗೋದಾಮಿನಲ್ಲಿ ಲೆಕ್ಕ ಬರೆಯುವವರು. ಎಂಟು ಗಂಟೆಗೆ ಮನೆ ಸೇರುತ್ತಾರೆ. ಅವರು ಆ ವಹಿಯನ್ನು ಬಹಳ ಹೊತ್ತು ನೋಡಿ, “ದಿನಾ ಲೆಕ್ಕ ಬರಿಯಾಂವ ನಾನು. ನನ್ನ ಮನಿ ಲೆಕ್ಕ ನನಗ ಹೆಂಗ ಕಾಣಲಿಲ್ಲ?” ಎಂದರು. ಅನಂತರ ಎದ್ದು ಹೋಗಿ ಪಾತ್ರೆ ತೊಳೆದರು. ಅದು ಒಂದು ದಿನದ ಉಪಕಾರವಾಗಿದ್ದರೆ ಇಲ್ಲಿ ಬರೆಯುತ್ತಿರಲಿಲ್ಲ. ಅಂದಿನಿಂದ ರಾತ್ರಿಯ ಪಾತ್ರೆಗಳು ಅವರವೇ ಆಗಿವೆ. ಬಟ್ಟೆ ಮಡಚುವುದು ಮಗನ ಕೆಲಸ. ಮೊದಮೊದಲು ಅವನು ಅಂಗಿಗಳನ್ನು ಉಂಡೆ ಕಟ್ಟಿ ಇಡುತ್ತಿದ್ದನು. ಈಗ ಅಂಗಡಿಯವರಂತೆ ಮಡಚುತ್ತಾನೆ. ಮಗಳಿಗೆ ಉಳಿದದ್ದು ಹಿಟ್ಟು ನಾದುವುದೊಂದೇ. ಅದೂ ಅವಳ ಲೆಕ್ಕ ಮುಗಿದ ಮೇಲೆ. ನಾವು ಅವಧಿಗೆ ಮೂರರ ಬದಲು ಎರಡೇ ವಿಷಯಗಳಿಗೆ ಕೂಡುವುದೆಂದು ತೀರ್ಮಾನಿಸಿದೆವು. ಎರಡು ವಿಷಯಗಳಿಗೆ ದಿನಕ್ಕೆ ಎರಡೇ ಗಂಟೆ ಸಾಕು: ಒಂದೂವರೆ ನಮ್ಮ ನಿದ್ರೆಯದು, ಅರ್ಧ ಯಜಮಾನರ ಪಾತ್ರೆಯದು. ಪದವಿ ತಡವಾಗುವುದು, ಆಗಲಿ. ಪುಸ್ತಕಗಳು ಹಲಗೆಯಿಂದ ಇಳಿದುವು.

ಆದುದರಿಂದ ನಮ್ಮ ಅಭಿಪ್ರಾಯವನ್ನು ಸ್ಪಷ್ಟವಾಗಿ ಹೇಳುತ್ತೇವೆ. ತಂದೆತಾಯಿಗಳು ಪುನಃ ಕಾಲೇಜು ಸೇರುವುದು ಒಳ್ಳೆಯದು, ಯೋಗ್ಯವಾದುದು. ಆದರೆ ಅದು ಒಬ್ಬರ ಸಾಹಸವೆಂದು ಹೊಗಳುವುದು ಸುಳ್ಳು. ಓದುವವರ ಒಂದೊಂದು ಗಂಟೆಯನ್ನೂ ಮನೆಯಲ್ಲಿ ಯಾರೋ ಕೊಟ್ಟಿರುತ್ತಾರೆ. ಕೊಡುವವರು ಹಿರಿಯರಾಗಿರಬೇಕು, ಗಂಡಸರೂ ಆಗಿರಬೇಕು. ಕೇಳದೆಯೇ ಕೊಡುವವಳೆಂದು ಹಿರಿಯ ಮಗಳ ಪಾಲಿನಿಂದ ಎಲ್ಲವನ್ನೂ ತೆಗೆಯಬಾರದು. ಇಂತಹ ಮನೆಗಳಲ್ಲಿ ಗಂಡುಮಕ್ಕಳೂ ಪಾತ್ರೆ ತೊಳೆಯಲಿ, ನೀರು ತುಂಬಲಿ. ಅದರಿಂದ ಅವರ ಘನತೆಗೆ ಕುಂದಿಲ್ಲ. ನಾವು ಮೇಲೆ ಹೊಗಳಿದ ಹಿರಿಯರೆಲ್ಲ ಆ ಕೆಲಸದಿಂದಲೇ ಮೇಲೆ ಬಂದವರು.

ಕೆಲವರು ಆಕ್ಷೇಪಿಸುವುದುಂಟು: “ಆ ಹಣ, ಆ ಹೊತ್ತು ಮಕ್ಕಳಿಗೆ ಸಂದರೆ ಹೆಚ್ಚು ಲಾಭವಲ್ಲವೆ?” ಇದು ಹಗುರಾಗಿ ತಳ್ಳಿಹಾಕುವ ಮಾತಲ್ಲ. ಮಕ್ಕಳ ಶುಲ್ಕಕ್ಕೂ ತಾಯಿಯ ಶುಲ್ಕಕ್ಕೂ ಪೈಪೋಟಿ ಬಂದರೆ ಮಕ್ಕಳದೇ ಮೊದಲಾಗತಕ್ಕದ್ದು. ಆದರೆ ಅನೇಕ ಸಲ ಪೈಪೋಟಿ ಹಣದ್ದಲ್ಲ, ಹೊತ್ತಿನದು. ಹೊತ್ತನ್ನು ಹಂಚಿಕೊಂಡರೆ ಇಬ್ಬರಿಗೂ ದೊರೆಯುವುದೆಂಬುದನ್ನು ನಾವು ಕಂಡಿದ್ದೇವೆ. ಈಗ ರಾತ್ರಿ ಒಂದೇ ದೀಪದ ಕೆಳಗೆ ಮಗಳು ಭಿನ್ನರಾಶಿಯನ್ನೂ ನಾವು ಇತಿಹಾಸವನ್ನೂ ಸ್ವಲ್ಪ ಹೊತ್ತು ಜೊತೆಯಲ್ಲಿ ಓದುತ್ತೇವೆ. ನಮಗೂ ಅರ್ಥವಾಗದ ಪುಟಗಳಿವೆಯೆಂದು ಅವಳು ಕಣ್ಣಾರೆ ಕಂಡಿದ್ದಾಳೆ. ಅಂದಿನಿಂದ ತನಗೆ ತಿಳಿಯದ ಲೆಕ್ಕವನ್ನು ಮುಚ್ಚಿಡುವುದನ್ನು ಬಿಟ್ಟಿದ್ದಾಳೆ.

ನಿಮಗೆ ಇನ್ನೊಂದು ಮಾತು. “ಟೀಚರ್ ಮೂವತ್ತೈದಕ್ಕೆ ಓದುತ್ತಿದ್ದಾರೆ, ನಾವೂ ಈಗ ಬಿಟ್ಟು ಆಮೇಲೆ ಓದಿದರಾಯಿತು” ಎಂದು ಯಾರೂ ಎಣಿಸಬಾರದು. ಹದಿನೆಂಟರಲ್ಲಿ ಮೂರು ವರ್ಷ ಹಿಡಿಯುವ ಓದು ನಮಗೆ ಐದಾರು ವರ್ಷ ಹಿಡಿಯುತ್ತಿದೆ. ಬಾಗಿಲು ಮುಚ್ಚುವುದಿಲ್ಲ, ನಿಜ; ಆದರೆ ಮೆಟ್ಟಿಲುಗಳು ವರ್ಷದಿಂದ ವರ್ಷಕ್ಕೆ ಎತ್ತರವಾಗುತ್ತವೆ. ಈಗ ನಿಮ್ಮ ಕೈಯಲ್ಲಿರುವ ಹೊತ್ತನ್ನು ಯಾರಿಂದಲೂ ಕೇಳಿ ಪಡೆಯಬೇಕಾಗಿಲ್ಲ.

ಕೊನೆಗೆ ಆ ಏಳನೆಯ ಇಯತ್ತೆಯ ಬಾಲಿಕೆಗೆ. ಹೌದಮ್ಮಾ, ನಾವೂ ಪರೀಕ್ಷೆಗೆ ಕೂಡುತ್ತೇವೆ. ನಮ್ಮ ಮನೆಯಲ್ಲಿ ಮೂವರು ವಿದ್ಯಾರ್ಥಿಗಳಿದ್ದೇವೆ. ಕಳೆದ ಸಲದ ಪರೀಕ್ಷೆಗಳಲ್ಲಿ ಒಂದು ವಿಷಯದಲ್ಲಿ ನಪಾಸಾದವರು ನಾವೊಬ್ಬರೇ. ಮಕ್ಕಳಿಬ್ಬರೂ ನಕ್ಕರು, ನಾವೂ ನಕ್ಕೆವು. ಬರುವ ಜೂನ್‌ನಲ್ಲಿ ಪುನಃ ಕೂಡುವೆವು. ಚಾಳಿನವರು ನಕ್ಕರೆ ನಗಲಿ. ನಿಮ್ಮ ಅವ್ವನ ವಹಿಗೆ ನೀನೊಂದು ರಟ್ಟು ಹಾಕಿ, ಅವರ ಹೆಸರನ್ನು ಮೇಲೆ ಚೆನ್ನಾಗಿ ಬರೆದುಕೊಡು. ಆದರೆ ನಿನ್ನ ಮನೆಪಾಠ ಮುಗಿಯುವ ಮೊದಲು ಹಿಟ್ಟಿಗೆ ಕೈ ಹಚ್ಚಬೇಡ. ಮನೆಯಲ್ಲಿ ಅಣ್ಣನೋ ತಮ್ಮನೋ ಇದ್ದರೆ ಈ ಪುಟಗಳನ್ನು ಅವನಿಗೂ ಓದಲು ಕೊಡು. ಓದಿ ಮುಗಿಸಿದ ಮೇಲೆ ಅವನು ಎದ್ದು ಪಾತ್ರೆಗಳ ಕಡೆಗೆ ಹೋದರೆ, ನಮ್ಮ ಲೇಖನ ಪಾಸಾಯಿತೆಂದು ತಿಳಿಯುವೆವು.