ಬ್ರೇಕ್ ಒತ್ತಿದ್ರೆ ನಡುಗೋ ಕಾರು

ನನ್ನ ಭಾವಮೈದ ಒಂದು ಹಳೇ ಕಾರು ತಗೊಂಡ. ನೋಡೋಕೆ ಜೊತೆಗೆ ಹೋಗಿದ್ದವನು ನಾನೇ. ಹಾಗಾಗಿ ಬೈಗುಳದಲ್ಲಿ ನನಗೂ ಅರ್ಧ ಪಾಲು :-)

ಬ್ರೋಕರ್ ಬಡಾವಣೆಯ ಒಳಗೇ ಎರಡು ಸುತ್ತು ಹೊಡೆಸಿದ. ಹೆಜ್ಜೆಗೊಂದು ಹಂಪು, ಗಾಡಿ 30 ದಾಟಲಿಲ್ಲ. ಎಸಿ ತಣ್ಣಗಿತ್ತು, ಸೀಟ್ ಕವರ್ ಹೊಸದಾಗಿತ್ತು, ಒಪ್ಪಿಬಿಟ್ವಿ. ಮುಂದಿನ ಭಾನುವಾರ ಮಕ್ಕಳನ್ನೆಲ್ಲ ಕೂರಿಸಿಕೊಂಡು ತುಮಕೂರಿಗೆ ಹೊರಟ್ವಿ. ನೆಲಮಂಗಲ ದಾಟಿದ ಮೇಲೆ 90ರಲ್ಲಿ ಹೋಗ್ತಿದ್ದಾಗ ಮುಂದಿದ್ದ ಲಾರಿ ದಿಢೀರಂತ ನಿಧಾನ ಆಯ್ತು. ಬ್ರೇಕ್ ಒತ್ತಿದ್ದೇ ತಡ, ಸ್ಟೀರಿಂಗ್ ಗಡಗಡ ನಡುಗೋಕೆ ಶುರು! ಗಾಬರಿಯಲ್ಲಿ ಅವನು ಬ್ರೇಕ್ ಮೇಲಿಂದ ಕಾಲೇ ತೆಗೆದುಬಿಟ್ಟ. ನಾನು ಕಿರುಚಿದ ಮೇಲೆ ಮತ್ತೆ ಒತ್ತಿದ. ನಿಂತಾಗ ಲಾರಿಗೂ ನಮಗೂ ಒಂದು ಮಾರು ಅಂತರ.

ಬ್ರೋಕರ್‌ಗೆ ಫೋನ್ ಮಾಡಿದ್ರೆ, "ಅಲೈನ್‌ಮೆಂಟ್ ಮಾಡ್ಸಿ ಸರ್, ಸರಿಹೋಗುತ್ತೆ" ಅಂದ.

ನನ್ನ ತಕರಾರು ಇರೋದು ಇಲ್ಲೇ. ಅಲೈನ್‌ಮೆಂಟ್ ಹೋಗಿದ್ರೆ ಗಾಡಿ ಒಂದು ಕಡೆ ಎಳೆಯುತ್ತೆ, ಟೈರು ಒಂದು ಬದಿ ಸವೆಯುತ್ತೆ. ವೀಲ್ ಬ್ಯಾಲೆನ್ಸ್ ಹೋಗಿದ್ರೆ ಬ್ರೇಕ್ ಮುಟ್ಟದೇ ಇದ್ರೂ ನಡುಕ ಬರುತ್ತೆ. ಬ್ರೇಕ್ ಒತ್ತಿದಾಗ ಮಾತ್ರ ನಡುಗಿದ್ರೆ ಮೊದಲ ಅನುಮಾನ ಡಿಸ್ಕ್ ಮೇಲೆ. ಸ್ಟೀರಿಂಗ್ ನಡುಗಿದ್ರೆ ಸಾಮಾನ್ಯವಾಗಿ ಮುಂದಿನದು, ಸೀಟು ನಡುಗಿದ್ರೆ ಹಿಂದಿನದು. "ಬೆಂಡ್ ಆಗಿದೆ" ಅಂತಾರೆ ಮೆಕ್ಯಾನಿಕ್‌ಗಳು. ಬಹಳ ಸಲ ಬೆಂಡ್ ಆಗಿರಲ್ಲ, ಡಿಸ್ಕಿನ ದಪ್ಪ ಸುತ್ತಲೂ ಒಂದೇ ಸಮ ಇರಲ್ಲ. ಕೂದಲೆಳೆಗಿಂತ ಕಮ್ಮಿ ವ್ಯತ್ಯಾಸ ಇದ್ರೂ ಸಾಕು, ಪ್ರತಿ ಸುತ್ತಿಗೂ ಪ್ಯಾಡ್ ಒಮ್ಮೆ ಬಿಗಿ, ಒಮ್ಮೆ ಸಡಿಲ. ಘಾಟಿ ಇಳಿಯುವಾಗ ಗೇರ್ ಇಳಿಸದೆ ಬ್ರೇಕ್ ಮೇಲೇ ಕಾಲಿಟ್ಟುಕೊಂಡು ಬರೋರ ಗಾಡಿಗೆ ಇದು ಬೇಗ ಬರುತ್ತೆ. ವೀಲ್ ನಟ್ಟುಗಳನ್ನ ಸಿಕ್ಕಾಪಟ್ಟೆ, ಒಂದೊಂದು ಒಂದೊಂದು ಥರ ಬಿಗಿದ್ರೂ ಬರಬಹುದು.

30ರಲ್ಲಿ ಇದು ಗೊತ್ತಾಗೋದೇ ಕಷ್ಟ. 90ರಲ್ಲಿ ಓಡೋ ಗಾಡಿಯನ್ನ ನಿಲ್ಲಿಸೋಕೆ ಬ್ರೇಕು ನುಂಗಬೇಕಾದ ಶಕ್ತಿ 30ರಲ್ಲಿ ಇರೋದಕ್ಕಿಂತ 9 ಪಟ್ಟು. ಬಡಾವಣೆ ಟ್ರಯಲ್ ಅಂದ್ರೆ ಬರೀ ಕಣ್ಣೊರೆಸೋ ತಂತ್ರ.

ಹಾಗಂತ ನಡುಗೋ ಕಾರು ಕೊಳ್ಳಲೇಬೇಡಿ ಅಂತಲ್ಲ. ನಮ್ಮದಕ್ಕೆ ಮುಂದಿನ ಎರಡೂ ಡಿಸ್ಕು, ಪ್ಯಾಡು ಬದಲಾಯಿಸಿದ ಮೇಲೆ ನಡುಕ ಮಾಯ. ದಪ್ಪ ಉಳಿದಿದ್ರೆ ಲೇತ್‌ನಲ್ಲಿ ಹೊಡೆಸಿದ್ರೂ ಆಗುತ್ತೆ. ಎಷ್ಟರ ತನಕ ಸವೆಯಬಹುದು ಅಂತ ಬಹಳಷ್ಟು ಡಿಸ್ಕುಗಳ ಮೇಲೇ ಕೊರೆದಿರ್ತಾರೆ. ದೋಷ ಗೊತ್ತಿದ್ರೆ ಚೌಕಾಸಿ ಮಾಡಬಹುದು. ಮುಚ್ಚಿಟ್ಟು ಮಾರೋದು ಮಾತ್ರ ಬೇರೆಯವರ ಮಕ್ಕಳ ಜೊತೆ ಆಡೋ ಜೂಜು.

ಅದಕ್ಕೇ ಹೇಳೋದು, ಅಡ್ವಾನ್ಸ್ ಕೊಡೋ ಮೊದಲು ಹೆದ್ದಾರಿಗೆ ಒಯ್ಯಿರಿ. ಹಿಂದೆ ಯಾರೂ ಬರ್ತಿಲ್ಲ ಅಂತ ನೋಡಿಕೊಂಡು, 80ರಿಂದ ಹದವಾಗಿ ಬ್ರೇಕ್ ಒತ್ತಿ, ಎರಡು ಮೂರು ಸಲ. "ಅಷ್ಟು ದೂರ ಕೊಡಲ್ಲ ಸರ್" ಅಂದ್ರಾ? ನಮಸ್ಕಾರ ಹೇಳಿ ಎದ್ದು ಬನ್ನಿ.

"ಭಾವಾ, ಇದನ್ನ ಅವತ್ತೇ ಹೇಳಬಾರದಿತ್ತಾ?" ಅಂತಾನೆ ಭಾವಮೈದ. ಅವತ್ತು ನಾನೂ ಸೀಟ್ ಕವರ್ ನೋಡ್ತಿದ್ದೆ ಕಣಪ್ಪ...